ಕೀಲಿ ನಮ್ಮ ಕೈಯಾಗ, ಹುಕುಂ ಯಾರ ಕೈಯಾಗ?



ಹಾಸ್ಟೆಲ್ಲಿನಲ್ಲಿ ಓದಿ ಊರಿಗೆ ಮರಳಿದ ನಾವು ಕೆಲವರು ಇಂದು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳ ಬಾಗಿಲು ತೆಗೆದು, ಕಸ ಹೊಡೆದು, ಪೇಪರ್ ಹರವಿ ಕೂರುವವರು. ಹುದ್ದೆಯ ಹೆಸರು ಮೇಲ್ವಿಚಾರಕ. ಕೈಕೆಳಗೆ ಒಬ್ಬ ಜವಾನನೂ ಇಲ್ಲ, ಯಾರ ಮೇಲ್ವಿಚಾರಣೆ ಮಾಡೂದು?

ಕುಂದಗೋಳದ ಕಡೆ ಮೆಣಸಿನಕಾಯಿ, ನವಲಗುಂದ-ಅಣ್ಣಿಗೇರಿ ಕಡೆ ಹತ್ತಿ, ಕಲಘಟಗಿಯಲ್ಲಿ ಭತ್ತ. ಹಂಗಾಮು ಬಂತೆಂದರೆ ನಮ್ಮ ಕೇರಿಯ ಹುಡುಗ ಹುಡುಗಿಯರು ಕೂಲಿ ಮುಗಿಸಿ ಕೈಕಾಲು ತೊಳೆಯುವಾಗ ದೀಪ ಹಚ್ಚುವ ಹೊತ್ತು. ಆ ಹೊತ್ತಿಗೆ ನಾವು ಕೀಲಿ ಹಾಕಿರಬೇಕು! ಯಾಕ? ವೇಳಾಪಟ್ಟಿ ಹಂಗೈತಿ. ಸಂಜೆ ಆರರಿಂದ ಒಂಬತ್ತರ ತನಕ ತೆಗೀತೀವ್ರಿ ಎಂದು ಅರ್ಜಿ ಕೊಟ್ಟೆವು. ಮೇಲಿನವರನ್ನು ಕೇಳಬೇಕು ಅಂದರು. ಮೇಲಿನವರು ತಮ್ಮ ಮೇಲಿನವರನ್ನು ಕೇಳಬೇಕಂತೆ. ಅರ್ಜಿ ಇನ್ನೂ ಏಣಿ ಹತ್ತಾಕತ್ತೈತಿ. ಆದರೆ ಮಧ್ಯಾಹ್ನ ಖಾಲಿ ಕುರ್ಚಿಗಳ ನಡುವೆ ಕೂತದ್ದಕ್ಕೆ ಹಾಜರಿ ಸಂಖ್ಯೆ ಕಳಿಸಬೇಕು, ಫೋಟೋ ಕಳಿಸಬೇಕು, ತಡವಾದರೆ ಫೋನು. ಫೋಟೋದ ಸಲುವಾಗಿ ಸಾಲಿ ಹುಡುಗರನ್ನು ಕರೆತಂದು, ಕೈಗೆ ಪುಸ್ತಕ ಕೊಟ್ಟು ಕೂಡಿಸಿದ್ದೂ ಉಂಟು. ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಇನ್ನು ಪುಸ್ತಕದ ಮಾತು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ-ಜಾಗದ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. ತಗಡಿನ ಮನೆಯ ಪಟ್ಟಿ ತುಂಬುವವನೂ ಅದನ್ನು ಕೊಡುತ್ತಾನೆ. ಕೊಡುವವರು ನಾವು, ಆರಿಸುವವರು? ನಮ್ಮ ಕಪಾಟಿನ ಬಹುಪಾಲು ಬೆಂಗಳೂರಿನ ಸಮಿತಿ ಸಗಟಾಗಿ ಕೊಂಡದ್ದು, ಇಲ್ಲವೇ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಪ್ರತಿಷ್ಠಾನದ ನೆರವಿನದು. ಕಟ್ಟು ಬಂತೆಂದು ಸಹಿ ಮಾಡಿ ಇಳಿಸಿಕೊಳ್ಳೂದಷ್ಟೇ ನಮ್ಮ ಹಕ್ಕು. ಒಂದೇ ಪುಣ್ಯಕಥೆಯ ನಾಲ್ಕು ಪ್ರತಿ ಅದಾವ. ಬಾಬಾಸಾಹೇಬರ ಬರಹ-ಭಾಷಣಗಳನ್ನು ಸರ್ಕಾರವೇ ಕನ್ನಡದಲ್ಲಿ ಸಂಪುಟಗಳಾಗಿ ತಂದಿದೆ; ನಮ್ಮಲ್ಲಿರುವುದು ಬಿಡಿ ಎರಡು. ಪೊಲೀಸ್ ಪರೀಕ್ಷೆಗೆ ಓದುವ ಹುಡುಗಿ ಪುಸ್ತಕ ಕೇಳಿದರೆ ಹಳೇ ಗೈಡು ಕೊಟ್ಟು ತಲೆ ತಗ್ಗಿಸುತ್ತೇವೆ.

1980ರಲ್ಲಿ ನವಲಗುಂದದ ರೈತರು, ಮಲಪ್ರಭೆಯ ನೀರು ನೆಟ್ಟಗೆ ಬಾರದ ಹೊಲಕ್ಕೆ ಕರ ಯಾಕೆಂದು ಎದ್ದರು. ಹೊಲವಿಲ್ಲದ ನಾವು ಅದೇ ಪ್ರಶ್ನೆಯನ್ನು ಈ ಬಾಗಿಲಲ್ಲಿ ನಿಂತು ಕೇಳಬಾರದೇ?

2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಬೋರ್ಡೂ ಬದಲಾಗಿ 'ಅರಿವು ಕೇಂದ್ರ' ಆಯಿತು. 2020ರಲ್ಲಿ 'ಓದುವ ಬೆಳಕು' ಎಂದು ಮಕ್ಕಳ ಸದಸ್ಯತ್ವ ಪುಕ್ಕಟೆ ಮಾಡಿದರು. ಅದು ಒಳ್ಳೆಯದೇ, ಒಪ್ಪುತ್ತೇವೆ. ಪಂಚಾಯ್ತಿಗೆ ಬಂದರೆ ಹುಕುಂ ಊರಿಗೆ ಬಂದೀತು ಅಂದುಕೊಂಡಿದ್ದೆವು. ಬಂದದ್ದು ಇನ್ನೊಬ್ಬ ಸಾಹೇಬ. ಅದರ ಮೇಲೆ ಊರ ಗೌಡರ ಮರ್ಜಿ ಬೇರೆ: ಓದುವ ಕೋಣೆ ಗುಡಿ ಪಕ್ಕ ಇದ್ದರೆ ನಮ್ಮ ಹಿರಿಯರು ಇಂದಿಗೂ ಕಟ್ಟೆ ಹತ್ತಲು ಹಿಂಜರಿಯುತ್ತಾರೆ. ಆ ಕಾಲಮ್ಮು ಯಾವ ವರದಿಯಲ್ಲೂ ಇಲ್ಲ.

ದಲಿತ ಮಕ್ಕಳು ತಲೆ ಎತ್ತಿ ಓದಲೆಂದು 1929ರ ಸುಮಾರಿಗೇ ಬಾಬಾಸಾಹೇಬರು ಧಾರವಾಡದಲ್ಲಿ ಹಾಸ್ಟೆಲ್ ತೆರೆಸಿದರು. ಅಂಥ ಸೂರಿನಡಿ ಕೂತು ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಸೂಟಿಗೆ ಊರಿಗೆ ಬಂದಾಗ ಗ್ರಂಥಾಲಯಕ್ಕೆ ಬರ್ರಿ. ಯಾವ ಪುಸ್ತಕ ಬೇಕೆಂದು ಬರೆದು, ಸಹಿ ಹಾಕಿ ಕೊಡ್ರಿ. ಗ್ರಾಮಸಭೆಗೆ ಕೇರಿಯನ್ನು ಕರಕೊಂಡು ಬಂದು ಎರಡು ಠರಾವು ಬರೆಸ್ರಿ: ಬಾಗಿಲು ತೆಗೆಯುವ ವೇಳೆ ಊರವರು ಗೊತ್ತು ಮಾಡಬೇಕು, ಊರಿನ ಗ್ರಂಥಾಲಯ ಕರದ ಒಂದು ಪಾಲಿನಿಂದ ಓದುಗರೇ ಪುಸ್ತಕ ಆರಿಸಬೇಕು. ಠರಾವಿನ ನಕಲು ತಗೊಂಡು ಮುಂದಿನ ಸಭೆಗೆ ಬರ್ರಿ, ನಮ್ಮ ಅರ್ಜಿಯ ನಕಲೂ ಅದರ ಜೊತೆಗಿರಲಿ.