ಕೆಲಸ ಕೊಡುವವರೇ ದುಡ್ಡು ಕೇಳಿದರೆ ಅದು ಕೆಲಸವಲ್ಲ

"ಮನ್ಯಾಗ ಕುಂತು ಪೆನ್ಸಿಲ್ ಪ್ಯಾಕ್ ಮಾಡ್ರಿ, ತಿಂಗಳಿಗೆ 30,000 ಗಳಸ್ರಿ."

ಈ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಮುಧೋಳ ಕಡೆಯ ಹಳ್ಳಿಯಲ್ಲಿರುವ ನಮ್ಮ ಗೆಳತಿಯೊಬ್ಬಳ ಚಿಗವ್ವನಿಗೂ ಬಂದಿತ್ತು. ಮೊದಲು ನೋಂದಣಿಗೆಂದು 650 ರೂಪಾಯಿ ಕೇಳಿದರು. ಆಮೇಲೆ ಗುರುತಿನ ಚೀಟಿಗೆ, ಆಮೇಲೆ ಮಾಲು ತರುವ ಗಾಡಿಯ ಬಾಡಿಗೆಗೆ. ಎಲ್ಲ ಸೇರಿ ಎರಡು ತಿಂಗಳ ಗೃಹಲಕ್ಷ್ಮಿ ಹಣ ಹೋಯಿತು. ಗಾಡಿ ಬರಲೇ ಇಲ್ಲ.

ಚಿಗವ್ವ ಇದನ್ನು ಹೇಳಿಕೊಂಡಿದ್ದು ಮೂರು ತಿಂಗಳ ನಂತರ. ಅದೂ ಹೀಗೆ: "ಯಾರ ಮುಂದೂ ಹೇಳಬ್ಯಾಡವಾ. ಗೊತ್ತಾದ್ರ ಫೋನ್ ಕಸ್ಕೋತಾರ."

ಹೋದ ದುಡ್ಡಿಗಿಂತ ಈ ಮಾತು ನಮ್ಮನ್ನು ಹೆಚ್ಚು ಕಾಡಿತು. ಮೋಸ ಮಾಡಿದವನು ಆರಾಮಾಗಿದ್ದಾನೆ, ಮೋಸ ಹೋದವಳು ಹೆದರಿಕೊಂಡಿದ್ದಾಳೆ.

ಇಂಥ ಸುದ್ದಿ ಕೇಳಿದಾಗ "ಆಸೆಬುರುಕರಿಗೆ ಹಿಂಗ ಆಗಬೇಕು" ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಹೊಲ ಕಳಕೊಂಡ ಮನೆಗಳಿವೆ. ಜಮಖಂಡಿ, ಮುಧೋಳದಲ್ಲಿ ಕಬ್ಬಿನ ಕೆಲಸ ವರ್ಷವಿಡೀ ಒಂದೇ ಸಮನೆ ಇರುವುದಿಲ್ಲ. ಸಣ್ಣ ಮಕ್ಕಳು, ವಯಸ್ಸಾದ ಅತ್ತೆ, ಎರಡು ಎಮ್ಮೆ ಇರುವ ಹೆಣ್ಣುಮಗಳು ದಿನಾ ಬಸ್ ಹತ್ತಿ ಕೆಲಸಕ್ಕೆ ಹೋಗಲಾರಳು. ಮನೆಯಲ್ಲೇ ಕೆಲಸ ಬೇಕೆನ್ನುವುದು ಆಸೆಬುರುಕತನವಲ್ಲ. ಮೋಸಗಾರರು ಹುಡುಕುವುದು ಈ ಅಗತ್ಯವನ್ನೇ.

ಹಾಗಾದರೆ ನಿಜವಾದ ಕೆಲಸವನ್ನು ಗುರುತಿಸುವುದು ಹೇಗೆ? ಉತ್ತರ ನಮ್ಮ ರಬಕವಿ-ಬನಹಟ್ಟಿಯಲ್ಲೇ ಇದೆ. ಅಲ್ಲಿ ಮನೆಯಲ್ಲೇ ದುಡಿಯುವುದು ಹೊಸದಲ್ಲ. ಮಾಲೀಕ ನೂಲು ಕೊಡುತ್ತಾನೆ, ನೇಕಾರ ಸೀರೆ ನೇಯ್ದು ಕೊಡುತ್ತಾನೆ, ಸೀರೆಗೆ ಇಷ್ಟು ಎಂದು ಮಜೂರಿ ಸಿಗುತ್ತದೆ. ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪದ್ಧತಿಯೂ ಇದೇ: ನೂಲು ಅವರದು, ನೇಯ್ಗೆ ನಮ್ಮದು, ಬಟ್ಟೆ ಒಪ್ಪಿಸಿದರೆ ಮಜೂರಿ.

ಇಲ್ಲಿ ಎಲ್ಲವೂ ಸರಿ ಇದೆ ಎಂದು ನಾವು ಹೇಳುತ್ತಿಲ್ಲ. ಮಜೂರಿ ಸಾಲದು ಎಂಬುದು ನೇಕಾರರ ಹಳೆಯ ಗೋಳು. ಮುಂಗಡ ಪಡೆದು ಅದೇ ಮಾಲೀಕನಿಗೆ ಕಟ್ಟುಬಿದ್ದವರೂ ಇದ್ದಾರೆ. ಆದರೆ ಒಂದು ಗಮನಿಸಿ. ಮಾಲೂ ದುಡ್ಡೂ ಕೆಲಸ ಕೊಡುವವನ ಕಡೆಯಿಂದ ದುಡಿಯುವವನ ಕಡೆಗೆ ಬರುತ್ತವೆ. ದುಡ್ಡು ಮೊದಲು ನಮ್ಮ ಕಡೆಯಿಂದ ಹೋಗಬೇಕೆಂದರೆ ಅಲ್ಲೇ ನಿಲ್ಲಿ.

ಇನ್ನೊಂದು ಸಣ್ಣ ಲೆಕ್ಕ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬಿಸಿಲಲ್ಲಿ ಮಣ್ಣು ಅಗೆದವರಿಗೆ ಸಿಕ್ಕಿದ್ದೇ 370 ಆಗಿರುವಾಗ, ನೆರಳಲ್ಲಿ ಕೂತು ಡಬ್ಬಿಗೆ ಹತ್ತು ಪೆನ್ಸಿಲ್ ಹಾಕಿದವರಿಗೆ 1,000 ಯಾರು ಕೊಡುತ್ತಾರೆ? ಪೆನ್ಸಿಲ್ ಪ್ಯಾಕ್ ಮಾಡಲು ಕಾರ್ಖಾನೆಯಲ್ಲಿ ಯಂತ್ರವಿದೆ. ಅದನ್ನು ಬಿಟ್ಟು ನಮ್ಮೂರಿಗೆ ಲಾರಿ ಕಳಿಸಿದರೆ ಬಾಡಿಗೆಯೇ ಮಾಲಿಗಿಂತ ದುಬಾರಿ. ಹೆಸರಾಂತ ಪೆನ್ಸಿಲ್ ಕಂಪನಿಯ ಹೆಸರು, ಗುರುತನ್ನೇ ಕದ್ದು ಈ ಜಾಹೀರಾತು ಮಾಡುತ್ತಾರೆ.

ಮೋಸಕ್ಕೆ ಬೇರೆ ವೇಷಗಳೂ ಇವೆ.

ಬತ್ತಿ ಮಾಡುವ, ಊದುಬತ್ತಿ ಹೊಸೆಯುವ, ಪೇಪರ್ ತಟ್ಟೆ ಒತ್ತುವ ಯಂತ್ರ ಮಾರಿ "ಮಾಲು ನಾವೇ ಕೊಳ್ಳತೀವಿ" ಎನ್ನುತ್ತಾರೆ. ಯಂತ್ರ ಬರುತ್ತದೆ, ಕೊಳ್ಳುವವನು ಬರುವುದಿಲ್ಲ. ಯಂತ್ರದಿಂದ ಮಾಡಿದ ಮಾಲನ್ನು ನಮ್ಮ ಸಂತೆಯಲ್ಲಿ ಮಾರಲು ಆಗುತ್ತದೆಯೇ ಎಂದು ಮೊದಲು ನೋಡಿ. ಆಗದಿದ್ದರೆ ಯಂತ್ರ ಬೇಡ.

ಡೇಟಾ ಎಂಟ್ರಿ ಮಾಡಿಸಿ, "ತಪ್ಪು ಮಾಡೀರಿ, ದಂಡ ಕಟ್ರಿ" ಎಂದು ವಕೀಲರ ನೋಟಿಸ್ ಕಳಿಸುತ್ತಾರೆ. ಹೆದರಿ ಕಟ್ಟಬೇಡಿ, ನೋಟಿಸ್ ಹಿಡಿದು ಪೊಲೀಸ್ ಠಾಣೆಗೆ ಹೋಗಿ.

ಟೆಲಿಗ್ರಾಮ್‌ನಲ್ಲಿ ಲೈಕ್ ಒತ್ತಿಸಿ ಮೊದಲು 150 ರೂಪಾಯಿ ಕೊಟ್ಟು, ಆಮೇಲೆ ಸಾವಿರಗಟ್ಟಲೆ ಹಾಕಿಸುತ್ತಾರೆ. ಇಂಥ ಪಾರ್ಟ್‌ಟೈಮ್ ಕೆಲಸದ ವಂಚನೆಗಾಗಿ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ಬಂದ್ ಮಾಡಿತು.

ಎಲ್ಲಕ್ಕಿಂತ ಅಪಾಯದ್ದು "ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡ್ರಿ" ಎನ್ನುವುದು. ಕದ್ದ ದುಡ್ಡು ನಿಮ್ಮ ಖಾತೆಯ ಮೂಲಕ ಹೋದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಕೊಡಬೇಡಿ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಎಂಬುದೂ ನೆನಪಿರಲಿ.

ಮನೆಯಲ್ಲಿ ಮಾಡುವ ನಿಜವಾದ ಕೆಲಸ ನಮ್ಮಲ್ಲಿ ಇಲ್ಲವೇ? ಇದೆ. ಸೀರೆಗೆ ಕುಚ್ಚು ಹಾಕುವುದು, ಬ್ಲೌಸ್ ಹೊಲಿಯುವುದು, ಕೌದಿ ಹೊಲಿಯುವುದು, ಕಸೂತಿ ಹಾಕುವುದು, ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದು. ಇವುಗಳಲ್ಲಿ ತಿಂಗಳಿಗೆ 30,000 ಸುಲಭಕ್ಕೆ ಬರುವುದಿಲ್ಲ. ಆದರೆ ಕೊಳ್ಳುವವರು ಕಣ್ಣೆದುರಿಗೆ ಇರುತ್ತಾರೆ. ಕಲಿಯಬೇಕೆಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆ, ಬುಟ್ಟಿ-ಚಾಪೆ ಹೆಣೆಯುವುದು, ಗೊಂಬೆ ಮಾಡುವುದು, ಹೂಮಾಲೆ ಕಟ್ಟುವುದು ಸೇರಿವೆ. ಉದ್ಯಮ್ ನೋಂದಣಿಗೂ ಸರ್ಕಾರದ ಶುಲ್ಕವಿಲ್ಲ.

ಯಾವುದೇ ಕೆಲಸ ಒಪ್ಪುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಮಾಲು ಕೊಡುವವರ ಅಂಗಡಿ ಅಥವಾ ಮನೆ ಎಲ್ಲಿದೆ, ಹೋಗಿ ನೋಡಬಹುದೇ? ಒಂದು ನಗಕ್ಕೆ ಎಷ್ಟು, ಯಾವತ್ತು ಕೊಡುತ್ತಾರೆ? ಮಾಲು ಕೆಟ್ಟರೆ ಯಾರ ಹೊಣೆ? ಅವರ ಹತ್ತಿರ ಈಗಾಗಲೇ ದುಡಿದು ದುಡ್ಡು ಪಡೆದವರು ನಮ್ಮ ಸುತ್ತಮುತ್ತ ಯಾರಿದ್ದಾರೆ?

ಆದರೆ ಎಚ್ಚರಿಕೆಯ ಹೊಣೆಯನ್ನೆಲ್ಲ ಒಬ್ಬ ಹೆಣ್ಣುಮಗಳ ತಲೆಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳಬಾರದು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಐದು ನಿಮಿಷ "ಈ ವಾರ ಯಾವ ಮೆಸೇಜ್ ಬಂದಿತ್ತು" ಎಂದು ಕೇಳಲಿ. ಪಂಚಾಯಿತಿಯ ಅರಿವು ಕೇಂದ್ರದ ಗೋಡೆಯ ಮೇಲೆ 1930 ಎಂಬ ನಂಬರ್ ದೊಡ್ಡದಾಗಿ ಬರೆಯಲಿ. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಹೋದ ತಕ್ಷಣ, ಮೊದಲ ಗಂಟೆಯಲ್ಲೇ ಫೋನ್ ಮಾಡಿದರೆ ಹಣ ಮುಂದಕ್ಕೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು. ಮೂರು ತಿಂಗಳು ಮುಚ್ಚಿಟ್ಟರೆ ಆ ಅವಕಾಶ ಹೋಗಿಬಿಡುತ್ತದೆ.

ಮನೆಯ ಗಂಡಸರಿಗೆ, ಹಿರಿಯರಿಗೆ ನಮ್ಮದೊಂದು ಮಾತು. ಅವಳು ಮೋಸ ಹೋದೆ ಎಂದು ಬಂದು ಹೇಳಿದರೆ ಬೈಯಬೇಡಿ, ಫೋನ್ ಕಸಿಯಬೇಡಿ. ಅದೇ ಫೋನಿನಿಂದ ಜೊತೆಗೆ ಕೂತು 1930ಕ್ಕೆ ಕರೆ ಮಾಡಿ.

ಚಿಗವ್ವನ ಕಥೆ ಹೇಳಲು ಅವರೇ ಒಪ್ಪಿದರು, ಹೆಸರು ಬೇಡ ಅಂದರು. ಈಗ ಅವರು ಓಣಿಯವರ ಸೀರೆಗೆ ಕುಚ್ಚು ಹಾಕುತ್ತಾರೆ. ಸೀರೆ ಅವರದು, ದಾರ ಅವರದು, ಕೈ ಇವರದು. ಗಳಿಕೆ ಕಡಿಮೆಯೇ. ಆದರೆ ಶುರು ಮಾಡಲು ಇವರು ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ.