ತೆರೆಯ ಮೇಲಿನ ಸುವಾರ್ತೆ

ಪ್ರೊಟೆಸ್ಟಂಟರು ‘ಸುವಾರ್ತೆ’ ಎಂದೂ ಕಥೋಲಿಕರು ‘ಶುಭಸಂದೇಶ’ ಎಂದೂ ಕರೆಯುವ ಮಾತನ್ನು ನಾಲ್ಕು ಜನಕ್ಕೆ ಮುಟ್ಟಿಸುವುದು ಕ್ರೈಸ್ತರಿಗೆ ಇಷ್ಟವಿದ್ದರೆ ಮಾಡುವ, ಇಲ್ಲದಿದ್ದರೆ ಬಿಡುವ ಕೆಲಸವಲ್ಲ. ಅದು ಅವರ ಧರ್ಮದ ವಿಧಿಯೇ ಆಗಿದೆ. ಆದಕಾರಣ ಹೊಸ ಸಾಧನವೊಂದು ಲೋಕದಲ್ಲಿ ಕಾಣಿಸಿಕೊಂಡಾಗಲೆಲ್ಲ ಅವರು ಅದನ್ನು ಬೇಗನೆ ಕೈಗೆತ್ತಿಕೊಂಡಿದ್ದಾರೆ. ಅಚ್ಚಿನ ಮೊಳೆ ಬಂದಾಗ ಹಾಗಾಯಿತು. ರೇಡಿಯೋ ಬಂದಾಗಲೂ ಹಾಗೆಯೇ ಆಯಿತು, ವ್ಯಾಟಿಕನ್ನಿನ ಬಾನುಲಿ ನಿಲಯ 1931ರಷ್ಟು ಹಿಂದೆಯೇ ಹುಟ್ಟಿತು. ಈಗ ಅಂಗೈಯಗಲದ ಫೋನಿನ ಸರದಿ. ಅಂತರ್ಜಾಲದಲ್ಲಿ ಕ್ರೈಸ್ತರು ಬೋಧಿಸಬಹುದೆ, ಬಾರದೆ ಎಂದು ಇಂದು ಚರ್ಚಿಸುವುದು ಕಾಲಹರಣ. ಬೋಧನೆ ಆಗಲೇ ಹಗಲಿರುಳು ನಡೆದಿದೆ. ಅಲ್ಲಿ ಆಡಿದ ಮಾತಿಗೆ ಹೊಣೆ ಯಾರು ಎಂಬುದೇ ವಿಚಾರಿಸಬೇಕಾದ ಸಂಗತಿ.

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಒಂದು ಹಿನ್ನೆಲೆಯುಂಟು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದರು. ಕನ್ನಡ ಪತ್ರಿಕೋದ್ಯಮ ಮೊದಲಾದದ್ದು ಅಲ್ಲಿಂದ. ಮೋಗ್ಲಿಂಗರು ಮತಪ್ರಚಾರಕರಾಗಿ ಬಂದವರು. ಅದನ್ನು ಅವರೆಂದೂ ಮರೆಮಾಚಲಿಲ್ಲ. ಹಾಗಿದ್ದೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಶ್ರಮಪಟ್ಟು ಸಂಗ್ರಹಿಸಿ ಅಚ್ಚುಮಾಡಿಸಿದರು. ಅವರ ಮತವಿಚಾರಗಳನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಒಪ್ಪದವನು ಅಂದು ಬಲ್ಮಠದ ಗುಡ್ಡವನ್ನು ಹತ್ತಿ, ಬಾಗಿಲು ತಟ್ಟಿ, ಎದುರಾಎದುರು ವಾದಿಸಬಹುದಾಗಿತ್ತು. ಸಂತೆಯಲ್ಲಿ ನಿಂತು ಬೋಧಿಸಿದ ಪಾದ್ರಿಗೆ ಕೇಳುಗರ ಮುಖ ಕಾಣುತ್ತಿತ್ತು. ಕೇಳುಗರಿಗೆ ಅವನ ನಡೆನುಡಿ ಕಾಣುತ್ತಿತ್ತು. ತಮ್ಮ ನಂಬಿಕೆಯ ಅನುಭವವನ್ನು ಹೇಳಿಕೊಳ್ಳುವುದನ್ನು ಕ್ರೈಸ್ತರು ‘ಸಾಕ್ಷಿ’ ಎನ್ನುತ್ತಾರೆ. ಕಣ್ಣಾರೆ ಕಂಡವನು ಎಂಬುದಲ್ಲವೆ ಆ ಶಬ್ದದ ಮೂಲಾರ್ಥ? ಕಂಡವನು ಯಾರೆಂದೇ ತಿಳಿಯದಿದ್ದಲ್ಲಿ ಸಾಕ್ಷಿಗೆ ಬೆಲೆಯೇನು?

ಬೆಲೆಯೇನೋ ಇಲ್ಲ, ಆದರೆ ಗಿರಾಕಿಗಳುಂಟು. ಫೇಸ್‌ಬುಕ್ ಸಂಸ್ಥೆಯೊಳಗೆ 2019ರ ಅಕ್ಟೋಬರಿನಲ್ಲಿ ಸಿದ್ಧವಾದ ವರದಿಯೊಂದನ್ನು 2021ರಲ್ಲಿ ‘ಎಂ.ಐ.ಟಿ. ಟೆಕ್ನಾಲಜಿ ರಿವ್ಯೂ’ ಪತ್ರಿಕೆ ಬಯಲಿಗೆ ತಂದಿತು. ಅಮೆರಿಕದ ಕ್ರೈಸ್ತರಿಗಾಗಿ ಎಂದು ತೋರಿಸಿಕೊಂಡಿದ್ದ ಅತಿ ಜನಪ್ರಿಯ ಪುಟಗಳನ್ನು ನಡೆಸುತ್ತಿದ್ದವರು ಪೂರ್ವ ಯೂರೋಪಿನಲ್ಲಿ ಕುಳಿತ ಕಳ್ಳಕೂಟದವರೆಂದು ಅದರಿಂದ ತಿಳಿದುಬಂದಿತು. ಆ ಪುಟಗಳೆಲ್ಲ ಸೇರಿ ತಿಂಗಳಿಗೆ 7.5 ಕೋಟಿ ಅಮೆರಿಕನ್ನರನ್ನು ಮುಟ್ಟುತ್ತಿದ್ದುವು. ಆ ಜನರಲ್ಲಿ ನೂರಕ್ಕೆ 95 ಮಂದಿ ಅವುಗಳನ್ನು ತಾವಾಗಿ ಹಿಂಬಾಲಿಸಿದವರಲ್ಲ. ಕಂಪನಿಯ ಯಂತ್ರವೇ ಅವನ್ನು ತಂದು ಅವರ ಮುಂದೆ ಸುರಿದಿತ್ತು. ‘ಆಮೆನ್’ ಎಂದು ಬರೆಯುವ ಭಕ್ತನು ಅಲ್ಲಿ ಉಪಾಸಕನಲ್ಲ, ಸರಕು. 2024ರಲ್ಲಿ ಸೀಗಡಿಯ ಮೈಗೆ ಯೇಸುವಿನ ಮುಖವಂಟಿಸಿದ ಯಂತ್ರನಿರ್ಮಿತ ಚಿತ್ರಗಳು ಹರಡಿದಾಗಲೂ ಅವುಗಳ ಕೆಳಗೆ ಆಮೆನ್‌ಗಳ ಸಾಲು ಬೆಳೆಯಿತು. ಇದನ್ನು ಕಂಡು ನಗುವುದು ಸುಲಭ. ಪ್ರಾಮಾಣಿಕ ಸಭೆಗಳು ಕೂಡ ಅದೇ ಉಪಾಯಗಳನ್ನು ಕಲಿಯುತ್ತಿರುವುದು ಮಾತ್ರ ನಗುವ ವಿಷಯವಲ್ಲ. ‘ಹತ್ತು ಜನಕ್ಕೆ ಕಳಿಸಿದರೆ ಆಶೀರ್ವಾದ, ತಡೆದರೆ ಕೇಡು’ ಎಂಬ ಒಕ್ಕಣೆಯ ವಾಟ್ಸ್‌ಆ್ಯಪ್ ಸಂದೇಶವನ್ನು ಪಡೆಯದವರು ಎಷ್ಟು ಮಂದಿ ಇದ್ದಾರು?

ಸದುದ್ದೇಶವೊಂದಿದ್ದರೆ ಸಾಕೆನ್ನುವವರು ‘ಫಾದರ್ ಜಸ್ಟಿನ್’ ಪ್ರಸಂಗವನ್ನು ನೋಡಬೇಕು. ಕ್ಯಾಲಿಫೋರ್ನಿಯದ ‘ಕ್ಯಾಥೊಲಿಕ್ ಆನ್ಸರ್ಸ್’ ಎಂಬ ಸಂಸ್ಥೆ, ಜನರ ಸಂಶಯಗಳಿಗೆ ಸಭೆಯ ಬೋಧನೆಯಂತೆ ಉತ್ತರ ಕೊಡಲೆಂದು, 2024ರ ಏಪ್ರಿಲಿನಲ್ಲಿ ಕೃತಕ ಬುದ್ಧಿಯ ಗುರುವೊಬ್ಬನನ್ನು ನಿಲುವಂಗಿ ತೊಡಿಸಿ ತೆರೆಯ ಮೇಲೆ ಕೂರಿಸಿತು. ಆತನು ತಾನು ನಿಜವಾದ ಗುರುವೆಂದು ಹೇಳಿಕೊಂಡನು. ಪಾಪನಿವೇದನೆಯನ್ನು ಆಲಿಸಿ ಕ್ಷಮೆಯನ್ನೂ ದಯಪಾಲಿಸಿದನು. ಗೇಟೊರೇಡ್ ಎಂಬ ಅಂಗಡಿಯ ಪಾನಕದಿಂದ ಮಗುವಿಗೆ ದೀಕ್ಷಾಸ್ನಾನ ಮಾಡಿಸಬಹುದೆಂದು ಅಪ್ಪಣೆ ಕೊಡಿಸಿದನು. ಕೆಲವೇ ದಿನಗಳಲ್ಲಿ ಆತನ ನಿಲುವಂಗಿಯನ್ನು ಕಳಚಿ, ಬರಿಯ ‘ಜಸ್ಟಿನ್’ ಎಂಬ ಗೃಹಸ್ಥನನ್ನಾಗಿ ಮಾಡಬೇಕಾಯಿತು. ಪಾನಕದ ಉತ್ತರ ದೊಡ್ಡ ತಪ್ಪೆಂದು ನಮಗೆ ತೋರುವುದಿಲ್ಲ. ಮನುಷ್ಯ ಗುರುಗಳೂ ತಪ್ಪು ಹೇಳುತ್ತಾರೆ. ನರಳಿ ಬಂದವನ ಎದುರಿಗೆ ಯಾರೂ ಇಲ್ಲದಿರುವಾಗ ‘ನಾನಿದ್ದೇನೆ’ ಎಂದದ್ದು ದೊಡ್ಡ ತಪ್ಪು. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ನು 2002ರಲ್ಲಿಯೇ ಹೇಳಿತ್ತು.

ಹಾಗೆಂದು ಸಾಧನವನ್ನೇ ಹಳಿಯುವುದು ನ್ಯಾಯವಲ್ಲ. 2020ರ ಮಾರ್ಚ್ 27ರ ಸಂಜೆ, ಮಳೆ ಸುರಿಯುತ್ತಿದ್ದ ಬರಿದಾದ ಚೌಕದಲ್ಲಿ ಪೋಪ್ ಫ್ರಾನ್ಸಿಸ್ಸರು ಒಬ್ಬರೇ ನಿಂತು ಪ್ರಾರ್ಥಿಸಿದುದನ್ನು ಮನೆಮನೆಗಳಲ್ಲಿ ಸೆರೆಯಾಗಿದ್ದ ಜನ ಕಂಡರು. ಹಾಸಿಗೆ ಹಿಡಿದ ಮುದುಕಿಗೂ ಕೊಲ್ಲಿಯಲ್ಲಿ ದುಡಿಯುವ ಕರಾವಳಿಯ ತರುಣನಿಗೂ ಊರ ಇಗರ್ಜಿಯ ಪೂಜೆ ಇಂದು ತಲಪುತ್ತಿದೆ. ಅಲ್ಲಿ ಆಡುವವರಾರು, ಕೇಳುವವರಾರು ಎಂಬುದು ಇಬ್ಬರಿಗೂ ಗೊತ್ತು.

ಕಷ್ಟವಿರುವುದು ಅಪರಿಚಿತನೊಡನೆ ಮಾತನಾಡುವಾಗ. ಜಾಗತಿಕ ಸಭಾಪರಿಷತ್ತು, ವ್ಯಾಟಿಕನ್ನಿನ ಅಂತರ್‌ಧರ್ಮೀಯ ಸಂವಾದದ ಮಂಡಲಿ, ಇವ್ಯಾಂಜೆಲಿಕಲ್ ಒಕ್ಕೂಟ, ಒಂದು ಪಂಕ್ತಿಯಲ್ಲಿ ಕೂರುವುದೇ ಅಪರೂಪವಾದ ಈ ಮೂವರು ಐದು ವರ್ಷ ಸಮಾಲೋಚಿಸಿ 2011ರಲ್ಲಿ ಒಂದು ಜಂಟಿ ನಿಯಮಾವಳಿಯನ್ನು ಪ್ರಕಟಿಸಿದರು. ಮೋಸವನ್ನೂ ಬಲವಂತವನ್ನೂ ಅದು ತ್ಯಜಿಸಹೇಳುತ್ತದೆ. ಪರಧರ್ಮದ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆನ್ನುತ್ತದೆ. ರೋಗಿಯ ಅಸಹಾಯಕತೆಯನ್ನು ದುರುಪಯೋಗಪಡಿಸಬಾರದೆನ್ನುತ್ತದೆ. ಯೂಟ್ಯೂಬಿನಲ್ಲಿ ಪ್ರಾರ್ಥನೆಯೊಂದರಿಂದಲೇ ಕಾಯಿಲೆ ಮಾಯವಾಯಿತೆಂದು ಸಾರುವ ಚಿತ್ರಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ವೇದಿಕೆಯಲ್ಲಿ ಊರುಗೋಲನ್ನು ಎಸೆದವನು ಮರುದಿನ ನಡೆದನೆ ಎಂದು ಆ ಚಿತ್ರ ಹೇಳುವುದಿಲ್ಲ. ಅದನ್ನು ನಂಬಿ ದೂರದ ಹಳ್ಳಿಯಲ್ಲಿ ಒಬ್ಬಳು ಮಾತ್ರೆ ನಿಲ್ಲಿಸಿದರೆ ಬೋಧಕನಿಗೆ ಅದು ಎಂದಿಗೂ ತಿಳಿಯದು. ಸಂತೆಯ ಪಾದ್ರಿಗಾದರೆ ತಿಳಿಯುತ್ತಿತ್ತು. ಮುಂದಿನ ವಾರ ಅವನು ಅದೇ ಸಂತೆಗೆ ಬರಬೇಕಾಗಿತ್ತು.

ಇನ್ನೊಂದು ಹೊಣೆಯುಂಟು, ಅದನ್ನು ಕುರಿತು ಬೋಧಕರು ಆಡುವುದು ಕಡಿಮೆ. ಹೊಸದಾಗಿ ನಂಬಿದವನ ಕಥೆಯನ್ನು ಹೆಸರು, ಊರು, ಮುಖ ಸಹಿತವಾಗಿ ತೆರೆಗೆ ಏರಿಸುವ ರೂಢಿ ಬೆಳೆದಿದೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಸಾರಮಾಡುವ ಹಕ್ಕನ್ನು ಕೊಟ್ಟಿದೆ. ಪರರನ್ನು ಮತಾಂತರಗೊಳಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆಯನ್ನು ರದ್ದುಮಾಡಲು ಮಂತ್ರಿಮಂಡಲ 2023ರ ಜೂನಿನಲ್ಲಿ ತೀರ್ಮಾನಿಸಿತು. ಉತ್ತರ ಪ್ರದೇಶದಲ್ಲಾದರೋ 2024ರ ತಿದ್ದುಪಡಿಯಿಂದ ಯಾರು ಬೇಕಾದರೂ ದೂರು ಕೊಡಬಹುದಾಗಿದೆ. ಇಂಥ ಕಾಯ್ದೆಗಳು ಯುಕ್ತವೆ ಎಂಬುದು ಬೇರೆಯ ಚರ್ಚೆ. ಅಂತಃಕರಣದ ವಿಷಯದಲ್ಲಿ ಸರಕಾರ ಇಷ್ಟು ಒಳಹೊಕ್ಕು ನೋಡುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ಅವು ಇರುವಲ್ಲಿ, ಒಬ್ಬಳು ಕೃತಜ್ಞತೆಯಿಂದ ಸಭೆಯ ಮುಂದೆ ನುಡಿದ ನಾಲ್ಕು ಮಾತು ಪೊಲೀಸ್ ಠಾಣೆಯ ಮೇಜಿನ ಮೇಲೆ ಬೇರೊಂದು ಬಗೆಯ ಸಾಕ್ಷಿಯಾಗಿ ಬಿದ್ದೀತು. ಮೇಲೇರಿಸಿದ ಬೋಧಕನು ಅದನ್ನು ಮರುದಿನ ಅಳಿಸಿಹಾಕಬಹುದು; ಅಷ್ಟರಲ್ಲಿ ಇಳಿಸಿಕೊಂಡವರ ಫೋನಿನಿಂದ ಅದು ಅಳಿಯದು. ಅವಳು ಅದೇ ಬೀದಿಯಲ್ಲಿ, ಅದೇ ನೆರೆಹೊರೆಯಲ್ಲಿ ಬಾಳಬೇಕು. ಅವಳು ಒಪ್ಪಿದ್ದಳೆಂದು ಬೋಧಕನು ಹೇಳಬಹುದು. ಮಂದಿರದಲ್ಲಿ ಕುಳಿತ ನಲವತ್ತು ಜನಕ್ಕೆ ಹೇಳಲು ಒಪ್ಪಿದ್ದಳೆ, ಕಂಡರಿಯದ ನಾಲ್ಕು ಲಕ್ಷ ಜನಕ್ಕೊ?

ಸಾಮಾನ್ಯ ಭಾನುವಾರದ ನೇರಪ್ರಸಾರದಲ್ಲಿಯೂ ಈ ಪ್ರಶ್ನೆ ಏಳುತ್ತದೆ. ಕಣ್ಣೀರು ಹಾಕುತ್ತ ಮೊಣಕಾಲೂರಿದವರ ಮೇಲೆಲ್ಲ ಕ್ಯಾಮೆರಾ ಸುಳಿದಾಡುತ್ತದೆ. ಮನೆಯಲ್ಲಿ ಹೇಳದೆ ಬಂದು ಹಿಂದಿನ ಸಾಲಿನಲ್ಲಿ ಕುಳಿತವನೂ ಒಮ್ಮೊಮ್ಮೆ ಅದರ ಕಣ್ಣಿಗೆ ಬೀಳುತ್ತಾನೆ. ಅದನ್ನು ಪೀಠದ ಕಡೆಗೆ ತಿರುಗಿಸಿ ಅಲ್ಲಿಯೇ ನಿಲ್ಲಿಸುವುದಕ್ಕೆ ಖರ್ಚೇನೂ ಇಲ್ಲ. ನೋಡುವವರ ಸಂಖ್ಯೆ ಸ್ವಲ್ಪ ಇಳಿದೀತು, ಅಷ್ಟೆ.