ಆಟದ ಕಂಪನಿಯ ಷೇರು: ಕಾಸು ಎಲ್ಲಿಂದ ಬರುತ್ತದೆ?

ನಮ್ಮ ಸಮಾಜದ ಮನೆಗಳಲ್ಲಿ ಈಗ ಅಡಿಕೆಯ ಧಾರಣೆಯ ಜೊತೆಗೆ ಷೇರಿನ ಧಾರಣೆಯೂ ಮಾತಿಗೆ ಬರುತ್ತಿದೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಅಂಗಡಿಗಳಲ್ಲಿ ತಂದೆ ತಕ್ಕಡಿ ನೋಡುತ್ತಿದ್ದರೆ ಮಗ ಮೊಬೈಲಿನಲ್ಲಿ ಡಿಮ್ಯಾಟ್ ಖಾತೆ ನೋಡುತ್ತಿರುತ್ತಾನೆ. ಬ್ಯಾಂಕು, ಸಿಮೆಂಟು, ಔಷಧ ಕಂಪನಿಗಳ ಬಗ್ಗೆ ಹಿರಿಯರಿಗೂ ಒಂದು ಅಂದಾಜು ಇದೆ. ವಿಡಿಯೋ ಗೇಮ್ ಕಂಪನಿ ಎಂದಾಗ ಮಾತ್ರ ಒಬ್ಬರು “ಆಟಕ್ಕೆ ದುಡ್ಡು ಹಾಕುವುದೇ?” ಎಂದು ನಗುತ್ತಾರೆ, ಇನ್ನೊಬ್ಬರು “ಮುಂದಿನ ಕಾಲ ಅದರದ್ದೇ” ಎಂದು ವಾದಿಸುತ್ತಾರೆ. ನಕ್ಕವರೂ ವಾದಿಸಿದವರೂ ಕಂಪನಿಯ ಲೆಕ್ಕಪತ್ರ ನೋಡಿರುವುದಿಲ್ಲ. ಈ ಸಂಚಿಕೆಯಲ್ಲಿ ಅದನ್ನು ನೋಡೋಣ.

ಯಾವ ವ್ಯಾಪಾರವಾದರೂ ಮೊದಲು ಕೇಳಬೇಕಾದುದು ಒಂದೇ: ಕಾಸು ಯಾರ ಕೈಯಿಂದ, ಯಾತಕ್ಕಾಗಿ ಬರುತ್ತದೆ? ಹೀಗೆ ಕೇಳಿದರೆ ‘ಗೇಮಿಂಗ್’ ಎಂಬ ಒಂದೇ ಬೋರ್ಡಿನ ಕೆಳಗೆ ಮೂರು ಬೇರೆ ಬೇರೆ ವ್ಯಾಪಾರಗಳಿರುವುದು ಕಾಣುತ್ತದೆ. ಕೂಲಿ ಪಡೆದು ಬೇರೆಯವರ ಆಟಕ್ಕೆ ಕೆಲಸ ಮಾಡಿಕೊಡುವುದು ಒಂದು. ಸ್ವಂತ ಆಟ ಮಾಡಿ ಮಾರುವುದು ಇನ್ನೊಂದು. ಆಡುವವರು ಪಣಕ್ಕೆ ಒಡ್ಡಿದ ಹಣದಲ್ಲಿ ಪಾಲು ತೆಗೆಯುವುದು ಮೂರನೆಯದು.

ಕೂಲಿ ಕೆಲಸಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. 1997ರಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಖಾಸಗಿ ಕಂಪನಿ ಆರಂಭಿಸಿದರು. ನಮ್ಮ ದೇಶದಲ್ಲಿ ಆಟ ತಯಾರಿಸುವ ಮೊದಲ ಕಂಪನಿಗಳಲ್ಲಿ ಅದೂ ಒಂದು. ವಿದೇಶಿ ಕಂಪನಿಗಳ ಆಟಗಳಿಗೆ ಬೇಕಾದ ಕಾರು, ಕಟ್ಟಡ, ರಸ್ತೆಗಳ ಚಿತ್ರ ರಚಿಸಿಕೊಡುವುದು ಅದರ ಮುಖ್ಯ ಕಸುಬಾಯಿತು. ಮೈಕ್ರೋಸಾಫ್ಟಿನ ಫೋರ್ಜಾ ಎಂಬ ಕಾರು ಓಟದ ಆಟಕ್ಕೂ ಅಲ್ಲಿಂದ ಕೆಲಸ ಹೋಗಿದೆ. ಆಟ ಮಾರುಕಟ್ಟೆಯಲ್ಲಿ ಗೆದ್ದರೂ ಸೋತರೂ ಮಾಡಿದ ಕೆಲಸಕ್ಕೆ ಒಪ್ಪಿದ ಹಣ ಬರುತ್ತದೆ. ಲಾಭ ಮಿತ, ಅಪಾಯವೂ ಮಿತ.

ಸ್ವೀಡನ್ ದೇಶದ ಸ್ಟಾರ್‌ಬ್ರೀಝ್ ಕಂಪನಿ 2016ರ ಕೊನೆಗೆ ಧ್ರುವದ ಬಹುಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಸ್ಟಾರ್‌ಬ್ರೀಝ್ ಸ್ವಂತ ಆಟದ ವ್ಯಾಪಾರಿ. 2018ರ ನವೆಂಬರಿನಲ್ಲಿ ಅದು ಬಹಳ ನಿರೀಕ್ಷೆಯಿಂದ ಬಿಡುಗಡೆ ಮಾಡಿದ ‘ದಿ ವಾಕಿಂಗ್ ಡೆಡ್’ ಆಟ ನೆಲಕಚ್ಚಿತು. ಮರುತಿಂಗಳೇ ಸಾಲಗಾರರಿಂದ ರಕ್ಷಣೆ ಕೋರಿ ಕಂಪನಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಹಣ ಹೊಂದಿಸಲು 2019ರಲ್ಲಿ ಧ್ರುವದ ಶೇ. 91.82 ಪಾಲನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ಗೆ 79 ಲಕ್ಷ ಡಾಲರಿಗೆ ಮಾರಿತು. ಯಜಮಾನನೇ ಕುಸಿದಾಗ ಅವನ ಮನೆಯಲ್ಲಿ ಮಾರಾಟವಾಗುವಂತಿದ್ದ ಸೊತ್ತುಗಳಲ್ಲಿ ಕೂಲಿ ಕೆಲಸದ ಈ ಬೆಂಗಳೂರು ಕಂಪನಿಯೂ ಒಂದಾಗಿತ್ತು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಸ್ವಂತ ಆಟದ ವ್ಯಾಪಾರ ಏಕೆ ಇಷ್ಟು ಕಠಿಣ? ಅಡಿಕೆಯನ್ನೇ ತೆಗೆದುಕೊಳ್ಳಿ. ನಮ್ಮ ಕರಾವಳಿಯ ಚಾಲಿ ಅಡಿಕೆ ವರ್ಷ ಕಳೆದು ಹಳತಾದರೆ ಸಾಮಾನ್ಯವಾಗಿ ಹೊಸದಕ್ಕಿಂತ ಹೆಚ್ಚು ಬೆಲೆ ಪಡೆಯುತ್ತದೆ. ಧಾರಣೆ ಬಿದ್ದರೆ ಕಾಯಬಹುದು, ಗೋದಾಮಿನಲ್ಲಿ ಸರಕಂತೂ ಇರುತ್ತದೆ. ಆಟದ ಸರಕು ಹಾಗಲ್ಲ. ಎರಡು ಮೂರು ವರ್ಷ ಸಂಬಳ ಕೊಟ್ಟು ತಯಾರಿಸಿದ ಆಟ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಹಿಡಿಸದೆ ಹೋದರೆ ಅದಕ್ಕೆ ಗುಜರಿಯ ಬೆಲೆಯೂ ಇಲ್ಲ. ಅಮೆರಿಕದ ಅಟಾರಿ ಕಂಪನಿ 1982ರಲ್ಲಿ ‘ಇ.ಟಿ.’ ಎಂಬ ಸಿನಿಮಾದ ಹೆಸರಿನಲ್ಲಿ ಸುಮಾರು ಐದೇ ವಾರಗಳಲ್ಲಿ ಒಂದು ಆಟ ತಯಾರಿಸಿ ರಾಶಿ ರಾಶಿ ಮಾರುಕಟ್ಟೆಗೆ ಕಳುಹಿಸಿತು. ಮಾರಾಟವಾಗದೆ ಉಳಿದ ಸರಕನ್ನು 1983ರಲ್ಲಿ ಲಾರಿಗಳಲ್ಲಿ ಸಾಗಿಸಿ ನ್ಯೂ ಮೆಕ್ಸಿಕೋ ಪ್ರಾಂತ್ಯದ ಮರುಭೂಮಿಯಲ್ಲಿ ಹೂತುಹಾಕಿದರು. 2014ರಲ್ಲಿ ಅಗೆದಾಗ ಅವು ಮಣ್ಣಿನಡಿಯಲ್ಲಿ ಸಿಕ್ಕವು. ಆ ಒಂದು ವರ್ಷದಲ್ಲೇ ಅಟಾರಿಯ ನಷ್ಟ 50 ಕೋಟಿ ಡಾಲರನ್ನು ಮೀರಿತ್ತು.

ಆದ್ದರಿಂದ ಇಂಥ ಕಂಪನಿಯ ವಾರ್ಷಿಕ ವರದಿಯಲ್ಲಿ ಕೆಲವು ಪುಟಗಳನ್ನು ಬಿಡದೆ ಓದತಕ್ಕದ್ದು. ಆದಾಯದಲ್ಲಿ ಎಷ್ಟು ಪಾಲು ಒಂದೇ ಆಟದಿಂದ ಬಂದಿದೆ? ಅರ್ಧಕ್ಕಿಂತ ಹೆಚ್ಚಾದರೆ ನೀವು ಕೊಳ್ಳುತ್ತಿರುವುದು ಕಂಪನಿಯನ್ನಲ್ಲ, ಆ ಆಟವನ್ನು. ಆಟ ತಯಾರಿಸಲು ಕೊಟ್ಟ ಸಂಬಳವನ್ನು ಆ ವರ್ಷದ ಖರ್ಚಿಗೆ ಹಾಕಿದ್ದಾರೆಯೇ, ಅಥವಾ ‘ಇಂಟ್ಯಾಂಜಿಬಲ್ ಅಸೆಟ್’ ಎಂಬ ಹೆಸರಿನಲ್ಲಿ ಆಸ್ತಿಯ ಕಡೆ ಬರೆದಿದ್ದಾರೆಯೇ? ನಿಯಮ ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಹಾಗೆ ಬರೆದಾಗ ಇಂದಿನ ಲಾಭ ದಪ್ಪವಾಗಿ ಕಾಣುತ್ತದೆ, ಆಟ ಸೋತ ದಿನ ಆ ಆಸ್ತಿ ಒಮ್ಮೆಲೇ ಕರಗುತ್ತದೆ. ಮೊಬೈಲ್ ಆಟವಾದರೆ ಆ್ಯಪ್ ಮಳಿಗೆಯ ಒಡೆಯರಾದ ಗೂಗಲ್, ಆ್ಯಪಲ್ ಕಂಪನಿಗಳು ಶೇ. 30ರವರೆಗೂ ದಲ್ಲಾಳಿ ಹಿಡಿದುಕೊಂಡ ಉದಾಹರಣೆಗಳಿವೆ. ಕೋಟಿಗಟ್ಟಲೆ ಜನ ಆಡುತ್ತಾರೆ ಎಂಬ ಜಾಹೀರಾತಿಗಿಂತ, ಅವರಲ್ಲಿ ಕಾಸು ಕೊಡುವವರು ಎಷ್ಟು ಎಂಬುದೇ ಮುಖ್ಯ. ಅಂಗಡಿಗೆ ಬಂದು ಮಾತನಾಡಿ ಹೋಗುವವರನ್ನೆಲ್ಲ ನಾವು ಗಿರಾಕಿ ಎಂದು ಲೆಕ್ಕ ಹಿಡಿಯುತ್ತೇವೆಯೇ?

ಮೂರನೆಯದು ಪಣದ ಆಟ. ಗಡಿಯಲ್ಲಿರುವ ನಮಗೆ ಇದರ ಅಸ್ಥಿರತೆ ಚೆನ್ನಾಗಿ ಗೊತ್ತಿರಬೇಕು. ಕೇರಳ ಸರಕಾರ 2021ರ ಫೆಬ್ರವರಿಯಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ಅದೇ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. ತಲಪಾಡಿಯ ಆಚೆ ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪಣದ ಆಟಗಳ ವಿರುದ್ಧ ಕಾಯಿದೆ ತಂದಿತು. 2022ರ ಫೆಬ್ರವರಿಯಲ್ಲಿ ಅಲ್ಲಿಯ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ತಳ್ಳಿಹಾಕಿತು. 2023ರ ಅಕ್ಟೋಬರ್ 1ರಿಂದ ಆಟಗಾರ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿ.ಎಸ್.ಟಿ. ಬಂತು. ಕೊನೆಗೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಹೀಗೆ ಮೂರೇ ದಿನಗಳಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆಗೆ ಒಪ್ಪಿಗೆ ದೊರೆಯಿತು.

ಇದರ ಪೆಟ್ಟು ಬಿದ್ದವರಲ್ಲಿ ಮುಂಬಯಿಯ ನಜಾರಾ ಟೆಕ್ನಾಲಜೀಸ್ ಕೂಡ ಒಂದು. ಮಕ್ಕಳ ಆಟ, ಇ-ಸ್ಪೋರ್ಟ್ಸ್ ಮುಂತಾದ ಹಲವು ವ್ಯಾಪಾರಗಳಿರುವ ಕಂಪನಿ ಅದು. ಆದರೆ 2024ರಲ್ಲಿ ಪೋಕರ್‌ಬಾಝಿ ಎಂಬ ಪಣದ ಆಟ ನಡೆಸುವ ಕಂಪನಿಯಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲನ್ನು ನೂರಾರು ಕೋಟಿ ರೂಪಾಯಿ ತೆತ್ತು ಪಡೆಯಿತು. ವರ್ಷ ತುಂಬುವಷ್ಟರಲ್ಲಿ ಕಾಯಿದೆ ಬಂತು. ಷೇರಿನ ಬೆಲೆ ಜೋರಾಗಿ ಇಳಿಯಿತು. ಆ ಪಾಲಿನ ಲೆಕ್ಕದಲ್ಲಿ 900 ಕೋಟಿ ರೂಪಾಯಿಗೂ ಮೇಲ್ಪಟ್ಟ ಮೊತ್ತವನ್ನು ಕಂಪನಿ ನಷ್ಟವೆಂದು ಬರೆದುಕೊಳ್ಳಬೇಕಾಯಿತು.

ಇದೇ ಕಂಪನಿ 2021ರ ಮಾರ್ಚಿನಲ್ಲಿ ಸಾರ್ವಜನಿಕರಿಗೆ ಷೇರು ನೀಡಿದಾಗ ಬೆಲೆ ರೂ. 1,101. ಸುಮಾರು 583 ಕೋಟಿ ರೂಪಾಯಿಯ ಆ ನೀಡಿಕೆಯೆಲ್ಲವೂ ಹಳೆಯ ಷೇರುದಾರರ ಮಾರಾಟ. ಕಂಪನಿಯ ತಿಜೋರಿಗೆ ಅದರಿಂದ ಹೊಸ ಬಂಡವಾಳ ಬರಲಿಲ್ಲ. ಇದು ತಪ್ಪಲ್ಲ, ಆದರೆ ಕೊಳ್ಳುವವನಿಗೆ ಗೊತ್ತಿರಬೇಕು. ಪಟ್ಟಿಯಾದ ದಿನ ಬೆಲೆ ರೂ. 1,900 ದಾಟಿತ್ತು. ಅಂದಿನ ಗದ್ದಲದಲ್ಲಿ ಕೊಂಡವರಿಗೂ ಮೂಲ ಬೆಲೆಗೆ ಪಡೆದವರಿಗೂ ಫಲ ಒಂದೇ ಆಗಲಾರದು. 2022ರಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟುದರಿಂದ ಹಳೆಯ ಮತ್ತು ಹೊಸ ಬೆಲೆಗಳನ್ನು ನೇರವಾಗಿ ಹೋಲಿಸಲೂ ಬಾರದು.

ಇಷ್ಟು ಲೆಕ್ಕದ ಮಾತಾಯಿತು. ಶ್ರಾವಕನ ಮನೆಯಲ್ಲಿ ಇನ್ನೊಂದು ಮಾತೂ ಬರಬೇಕು. ಸಪ್ತವ್ಯಸನಗಳಲ್ಲಿ ಮೊದಲು ಹೇಳುವುದೇ ಜೂಜು. ತಾನು ಆಡುವುದಿಲ್ಲ, ಆಡಿಸುವವನ ಲಾಭದಲ್ಲಿ ಪಾಲು ಮಾತ್ರ ಎಂದರೆ ಮನಸ್ಸು ಒಪ್ಪೀತೇ? 2025ರಲ್ಲಿ ಕಾಯಿದೆ ಹೇಳಿದುದನ್ನು ನಮ್ಮ ಹಿರಿಯರು ಮೊದಲೇ ಹೇಳಿದ್ದರು. ಅದನ್ನು ಕೇಳಿದ ಮನೆಗೆ ಈ ನಷ್ಟ ತಟ್ಟುತ್ತಿರಲಿಲ್ಲ.

ಹಿಂಸೆಯ ಆಟಗಳ ಪ್ರಶ್ನೆ ಇಷ್ಟು ಸುಲಭವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿದೆ. ಹಿಂಸೆಯ ಸಾಧನ ಕೊಡುವುದೂ, ಮನಸ್ಸು ಕೆಡಿಸುವ ಕಥೆ ಕೇಳುವುದೂ ಅವುಗಳಲ್ಲಿ ಸೇರಿವೆ. ತೆರೆಯ ಮೇಲಿನ ಬಂದೂಕು ಯಾವುದಕ್ಕೆ ಸೇರುತ್ತದೆ? ಕಾರಿನ ಚಿತ್ರ ಬರೆಯುತ್ತಿದ್ದ ಧ್ರುವ ಕೊನೆಗೆ ಸೇರಿದುದು, ಹೊಡೆದಾಟ ಕೊಲೆಗಳಿಂದಲೇ ಹೆಸರಾದ ‘ಗ್ರ್ಯಾಂಡ್ ಥೆಫ್ಟ್ ಆಟೋ’ ತಯಾರಿಸುವ ಮನೆಗೆ. ಇಂದು ನಿರ್ದೋಷವಾಗಿರುವ ಕಂಪನಿ ನಾಳೆ ಯಾರ ಕೈಗೆ ಹೋದೀತು ಎಂಬುದು ಸಣ್ಣ ಷೇರುದಾರನ ಹಿಡಿತದಲ್ಲಿಲ್ಲ. ಷೇರನ್ನು ಮಾರಿ ಹೊರಬರುವುದು ಮಾತ್ರ ನಮ್ಮ ಕೈಯಲ್ಲಿದೆ. ಯಾವ ಸಂದರ್ಭದಲ್ಲಿ ಹೊರಬರಬೇಕೆಂದು ಕೊಳ್ಳುವ ದಿನವೇ ಮನೆಯವರು ಕೂಡಿ ನಿಶ್ಚಯಿಸುವುದು ಲೇಸು.

ಹಾಗಾದರೆ ಕೊಳ್ಳಲೇಬಾರದೇ? ಹಾಗೆ ನಾವು ಹೇಳುವುದಿಲ್ಲ. ಕೂಲಿ ಕೆಲಸದ ಕಂಪನಿ, ಮಕ್ಕಳಿಗೆ ಪಾಠ ಕಲಿಸುವ ಆಟಗಳ ಕಂಪನಿ, ಸಾಲವಿಲ್ಲದೆ ಹಲವು ಆಟಗಳಿಂದ ಆದಾಯ ಪಡೆಯುವ ಕಂಪನಿ ಸಿಕ್ಕಿದರೆ ಪರಿಶೀಲಿಸಬಹುದು. ಆದರೆ ಅಡಿಕೆ ಬರುವ ಕಾಲಕ್ಕೆ ಬೆಳೆಗಾರರಿಗೆ ಕೊಡಬೇಕಾದ ಹಣ, ಮಗಳ ಮದುವೆಗೆ ತೆಗೆದಿರಿಸಿದ ಹಣ, ಸಾಲದ ಹಣ ಇವು ಮೂರೂ ಇತ್ತ ಬರಬಾರದು. ಪೂರ್ತಿ ಹೋದರೂ ಮನೆಯ ಊಟಕ್ಕೆ, ಅಂಗಡಿಯ ಮಾತಿಗೆ ಕುಂದು ಬಾರದಷ್ಟೇ ಹಾಕತಕ್ಕದ್ದು.

ಮಗ ಬಂದು ಇಂಥ ಷೇರು ಕೊಳ್ಳೋಣವೆಂದರೆ ಗದರಿಸಬೇಡಿ. ಒಂದು ಹಾಳೆ ಕೊಟ್ಟು, ಕಂಪನಿಯ ನೂರು ರೂಪಾಯಿ ಆದಾಯದಲ್ಲಿ ಕೂಲಿಯಿಂದ ಎಷ್ಟು, ಆಟದ ಮಾರಾಟದಿಂದ ಎಷ್ಟು, ಪಣದಿಂದ ಎಷ್ಟು ಎಂದು ಬರೆದು ತರಲು ಹೇಳಿ. ಬರೆದು ತಂದರೆ ಇಬ್ಬರೂ ಕೂತು ನೋಡಿ. ಬರೆಯಲಾಗದಿದ್ದರೆ ಆ ಷೇರು ಸದ್ಯ ಮಾರುಕಟ್ಟೆಯಲ್ಲೇ ಇರಲಿ.